ಜಿಎನ್‌ಎಂ ಮೇಲೆ ಪೋಸ್ಟ್ ಬೇಸಿಕ್, ಇಲ್ಲಾ ನೇರ ಬಿ.ಎಸ್ಸಿ ನರ್ಸಿಂಗ್?

ಪಿಯುಸಿ ರಿಸಲ್ಟ್ ಬಂತೆಂದರೆ ನಮ್ಮ ಕಾಪು ಕಡೆಯ ಹುಡುಗಿಯರು ಕೇಳುವುದು ಇದನ್ನೇ: ಅಕ್ಕ, ಜಿಎನ್‌ಎಂ ಸೇರಲಾ, ಬಿ.ಎಸ್ಸಿ ಸೇರಲಾ? ನಾನು ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮಾಡಿ, ನಾಲ್ಕು ವರ್ಷ ಕೆಲಸ ಮಾಡಿ, ಆಮೇಲೆ ಪೋಸ್ಟ್ ಬೇಸಿಕ್, ಅಂದರೆ ಜಿಎನ್‌ಎಂ ಆದವರಿಗಿರುವ ಎರಡು ವರ್ಷದ ಬಿ.ಎಸ್ಸಿ ಓದಿದವಳು. ಈಗ ಉಡುಪಿಯಲ್ಲಿ ಮೆಡಿಕಲ್ ವಾರ್ಡಿನಲ್ಲಿದ್ದೇನೆ. ಬಿ.ಎಸ್ಸಿ ಮಕ್ಕಳು ಪೋಸ್ಟಿಂಗಿಗೆ (ವಾರ್ಡ್ ತರಬೇತಿಗೆ) ಬರುವುದು ನನ್ನ ಕೈಕೆಳಗೆ.

2008ರಲ್ಲಿ ನಾನು ಮಂಗಳೂರಿನಲ್ಲಿ ಸೇರುವಾಗ ಜಿಎನ್‌ಎಂ ಮೂರೂವರೆ ವರ್ಷ. ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್. ಈಗ ಅದೂ ಸೇರಿ ಮೂರೇ ವರ್ಷ. ನನ್ನ ಕೈ ಪಳಗಿದ್ದು ಆ ಆರು ತಿಂಗಳಲ್ಲಿ. ಮಳೆಗಾಲದಲ್ಲಿ ಮಲೇರಿಯಾದವರಿಂದಲೇ ವಾರ್ಡ್ ತುಂಬುತ್ತಿತ್ತು. ಚಳಿಗೆ ನಡುಗುವ ಕೈಯಲ್ಲಿ ನರ ಸಿಗುವುದೇ ಕಷ್ಟ. ಡ್ರಿಪ್ ಹಾಕುವ ಪಿಂಕ್ ಕ್ಯಾನುಲಾ ಹೋಗದಿದ್ದರೆ ಅದಕ್ಕಿಂತ ಸಪೂರದ ಬ್ಲೂ ಹಿಡಿಯುತ್ತಿದ್ದೆ. ಬಿಸಿ ಬಟ್ಟೆ ಸುತ್ತಿ, ಅಜ್ಜಿಯನ್ನು ತುಳುವಿನಲ್ಲಿ ಮಾತಾಡಿಸುತ್ತಾ ಕೂತರೆ ಮುಷ್ಟಿ ಮೆಲ್ಲ ಸಡಿಲವಾಗುತ್ತಿತ್ತು. ಆಗ ಸೂಜಿ ಹಾಕಬೇಕು. ಇದನ್ನು ಯಾರೂ ಪಾಠ ಮಾಡಿರಲಿಲ್ಲ.

ಆದರೆ ಯಾಕೆ ಎಂದು ಕೇಳಿದರೆ ನನ್ನಲ್ಲಿ ಉತ್ತರ ಕಡಿಮೆ ಇತ್ತು. ಬರೆದ ಮದ್ದು ಕೊಡುತ್ತಿದ್ದೆ, ಅಷ್ಟೇ. ಮೂತ್ರ ಜಾಸ್ತಿ ಹೋಗಿಸುವ ಫ್ರುಸೆಮೈಡ್ ಕೊಡುವ ಮೊದಲು ಪೊಟ್ಯಾಸಿಯಂ ರಿಪೋರ್ಟ್ ಯಾಕೆ ನೋಡಬೇಕು ಎಂಬುದು ಸರಿಯಾಗಿ ತಲೆಗೆ ಹೋದದ್ದು ಪೋಸ್ಟ್ ಬೇಸಿಕ್‌ನಲ್ಲಿ. ಆ ಎರಡು ವರ್ಷಕ್ಕೆ ತೆತ್ತದ್ದು ಜಾಸ್ತಿ. ನಾನಿದ್ದ ಆಸ್ಪತ್ರೆ ರಜೆ ಕೊಡಲಿಲ್ಲ, ಕೆಲಸ ಬಿಟ್ಟೆ. ಓದು ಮುಗಿಸಿ ಬಂದರೆ ಹಳೆಯ ಅನುಭವ ಲೆಕ್ಕಕ್ಕಿಲ್ಲ, ಹೊಸಬರ ಸಂಬಳ. ಆ ನೋವು ಇನ್ನೂ ಹೋಗಿಲ್ಲ.

ನೇರ ಬಿ.ಎಸ್ಸಿ ನಾಲ್ಕೇ ವರ್ಷ. 2021ರ ಹೊಸ ಸಿಲಬಸ್ ಬಂದ ಮೇಲೆ ಎಂಟು ಸೆಮಿಸ್ಟರ್. ಈ ಮಕ್ಕಳ ಕಿವಿ ಚುರುಕು. ಮೊನ್ನೆ ಒಬ್ಬಳು ಅಜ್ಜನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು, ‘ಸಿಸ್ಟರ್, ಎಡಗಡೆ ಕೆಳಗೆ ಕ್ರೆಪ್ಸ್ ಕೇಳ್ತಿದೆ’ ಎಂದಳು. ಕ್ರೆಪ್ಸ್ ಅಂದರೆ ಶ್ವಾಸಕೋಶದ ಚರಚರ ಸದ್ದು. ಸರಿಯಾಗಿತ್ತು. ಆ ವಯಸ್ಸಿನಲ್ಲಿ ನಾನಾಗಿದ್ದರೆ ಉಸಿರು ಎಣಿಸಿ ಚಾರ್ಟಿನಲ್ಲಿ ಬರೆದು ಮುಂದೆ ಹೋಗುತ್ತಿದ್ದೆ. ಅದೇ ಅಜ್ಜನನ್ನು ಎಬ್ಬಿಸಿ ಕೂರಿಸು ಎಂದಾಗ ಮಾತ್ರ ಅವಳಿಗೆ ಎಲ್ಲಿ ಹಿಡಿಯಬೇಕೆಂದು ತಿಳಿಯಲಿಲ್ಲ. ಮ್ಯಾನಿಕಿನ್ (ಲ್ಯಾಬಿನ ಅಭ್ಯಾಸದ ಬೊಂಬೆ) ಮೇಲೆ ಎಷ್ಟೋ ಸಲ ಮಾಡಿದ್ದಾಳೆ. ಮ್ಯಾನಿಕಿನ್‌ಗೆ ನೋವಾಗುವುದಿಲ್ಲ, ಅಲ್ವಾ? ತಪ್ಪು ಅವಳದ್ದಲ್ಲ. ರೋಗಿಯ ಪರಿಚಯ ಆಗುವಷ್ಟರಲ್ಲಿ ಇಂಟರ್ನಲ್ಸ್ ಬರುತ್ತದೆ, ಪೋಸ್ಟಿಂಗ್ ಮುಗಿಯುತ್ತದೆ.

ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇದ್ದು ಫೀಸು ಕಟ್ಟಲು ಆಗುವುದಾದರೆ ನೇರ ಬಿ.ಎಸ್ಸಿಗೇ ಹೋಗಿ. ನನ್ನ ಹಾಗೆ ಸುಮ್ನೆ ಸುತ್ತು ದಾರಿ ಹಿಡಿಯಬೇಡಿ. ಆರ್ಟ್ಸ್, ಕಾಮರ್ಸ್ ಓದಿದವರಿಗೆ ಜಿಎನ್‌ಎಂ ಬಾಗಿಲು ತೆರೆದಿದೆ. ಬಡ ಮನೆಯ ಎಷ್ಟೋ ಹುಡುಗಿಯರು ಈ ಕೆಲಸಕ್ಕೆ ಬಂದದ್ದು ಆ ಬಾಗಿಲಿನಿಂದಲೇ, ಅದನ್ನು ಮುಚ್ಚಬಾರದು. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಕಾಯ್ದೆ ಬಂದಿದೆ. ಅದರಡಿ ಏನೇ ಬದಲಾಗಲಿ, ವಾರ್ಡಿನ ಗಂಟೆ ಕಡಿಮೆ ಮಾಡಬೇಡಿ ಎನ್ನುವುದು ನನ್ನ ಬೇಡಿಕೆ.

ತಂಗಿಯ ಮಗಳು ಈ ವರ್ಷ ಬಿ.ಎಸ್ಸಿ ಸೇರುತ್ತಾಳೆ. ಕಾಲೇಜು ನೋಡಲು ಹೋದಾಗ ಹೊಸ ಲ್ಯಾಬ್ ತೋರಿಸಿದರು. ಚೆನ್ನಾಗಿತ್ತು. ಪೇರೆಂಟ್ ಆಸ್ಪತ್ರೆಯಲ್ಲಿ, ಅಂದರೆ ಮಕ್ಕಳು ಕಲಿಯುವ ಕಾಲೇಜಿನದೇ ಆಸ್ಪತ್ರೆಯಲ್ಲಿ, ಎಷ್ಟು ಬೆಡ್, ಅದರಲ್ಲಿ ಎಷ್ಟು ತುಂಬಿರುತ್ತದೆ ಎಂದು ಕೇಳಿದೆ. ಆಮೇಲೆ ಅವಳನ್ನು ಕರೆದುಕೊಂಡು ವಾರ್ಡಿಗೇ ಹೋಗಿ ನೋಡಿ ಬಂದೆ.