ಮುಖದ ಶಸ್ತ್ರಚಿಕಿತ್ಸೆಯೋ, ಹಾರ್ಮೋನ್ ಚಿಕಿತ್ಸೆಯೋ: ನಡುವಯಸ್ಸಿನ ಆಯ್ಕೆ

ಋತುಬಂಧದ ಆಸುಪಾಸಿನಲ್ಲಿರುವ ಅನೇಕರು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಆದರೆ ಇವು ಉತ್ತರಿಸುವ ಪ್ರಶ್ನೆಗಳೇ ಬೇರೆ.

ಜೋತುಬಿದ್ದ ಕೆನ್ನೆ, ಕತ್ತಿನ ಸಡಿಲ ಚರ್ಮ ಅಥವಾ ಕಣ್ಣಿಗೆ ಇಳಿದ ರೆಪ್ಪೆಯೇ ದೂರಾಗಿದ್ದರೆ ಅದಕ್ಕೆ ಶಸ್ತ್ರಚಿಕಿತ್ಸೆಯೇ ನೇರ ಪರಿಹಾರ. ಬಾವು ಮತ್ತು ನೀಲಿಗಟ್ಟಿದ ಗುರುತುಗಳು ಬಹುಮಟ್ಟಿಗೆ ಇಳಿಯಲು ಎರಡು-ಮೂರು ವಾರ ಬೇಕು. ಚರ್ಮದಡಿ ರಕ್ತ ಹೆಪ್ಪುಗಟ್ಟುವ, ಅಪರೂಪಕ್ಕೆ ಮುಖದ ನರಕ್ಕೆ ಪೆಟ್ಟಾಗುವ ಅಪಾಯವೂ ಇದೆ. ಧೂಮಪಾನಿಗಳಲ್ಲಿ ಗಾಯ ಮಾಯುವುದು ನಿಧಾನ.

ಮಧ್ಯರಾತ್ರಿ ಬೆವರಿ ಎದ್ದು ಒದ್ದೆಯಾದ ದಿಂಬಿನ ಹೊದಿಕೆ ಬದಲಿಸುವವರಿಗೆ, ಬಿಸಿಯುಬ್ಬರದಿಂದ (ಇದ್ದಕ್ಕಿದ್ದಂತೆ ಮೈಗೇರುವ ಬಿಸಿಯಿಂದ) ನಿದ್ದೆಗೆಟ್ಟವರಿಗೆ ಮುಖ ಬಿಗಿಸಿಕೊಂಡು ಆಗುವುದೇನೂ ಇಲ್ಲ. ಅಲ್ಲಿ ಋತುಬಂಧದಲ್ಲಿ ಕಡಿಮೆಯಾಗುವ ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ನೇ ಅತ್ಯಂತ ಪರಿಣಾಮಕಾರಿ. 2002ರಲ್ಲಿ ಅಮೆರಿಕದ ಮಹಿಳಾ ಆರೋಗ್ಯ ಅಧ್ಯಯನದ ಒಂದು ಭಾಗ, ಹಾರ್ಮೋನ್ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿದ್ದು ಕಂಡು, ಅವಧಿಗೆ ಮುನ್ನವೇ ನಿಂತಾಗ ಹುಟ್ಟಿದ ಭಯ ಇಂದಿಗೂ ಪೂರ್ತಿ ಹೋಗಿಲ್ಲ. ಆದರೆ 60 ವರ್ಷದೊಳಗೆ, ಅಥವಾ ಋತುಬಂಧವಾಗಿ 10 ವರ್ಷದೊಳಗೆ ಆರಂಭಿಸುವ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಲಾಭವೇ ಹೆಚ್ಚೆಂಬುದು ಈಗಿನ ವೈದ್ಯಕೀಯ ನಿಲುವು. ಗರ್ಭಕೋಶವಿರುವವರು ಅದರ ಒಳಪದರದ ರಕ್ಷಣೆಗಾಗಿ ಪ್ರೊಜೆಸ್ಟೋಜನ್ ಎಂಬ ಇನ್ನೊಂದು ಹಾರ್ಮೋನನ್ನು ಕೂಡ ತೆಗೆದುಕೊಳ್ಳಬೇಕು. ಮಾತ್ರೆಗಿಂತ ಚರ್ಮಕ್ಕೆ ಅಂಟಿಸುವ ಪಟ್ಟಿಯಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. ಸ್ತನ ಕ್ಯಾನ್ಸರ್ ಬಂದಿದ್ದವರಿಗೆ ಹಾರ್ಮೋನ್ ಚಿಕಿತ್ಸೆ ಸಾಮಾನ್ಯವಾಗಿ ನಿಷಿದ್ಧ.

ಸುಕ್ಕು ಹೋಗಲೆಂದೇ ಹಾರ್ಮೋನ್ ಕೇಳುವುದು ನನ್ನ ದೃಷ್ಟಿಯಲ್ಲಿ ದಾರಿ ತಪ್ಪಿದ ಬೇಡಿಕೆ. ಎರಡೂ ಬೇಕೆನಿಸಿದವರು ಮೊದಲು ನಿದ್ದೆಯನ್ನು ಸರಿಪಡಿಸಿಕೊಂಡು, ಕೆಲವು ತಿಂಗಳ ನಂತರ ಕನ್ನಡಿಯನ್ನು ಮತ್ತೆ ನೋಡಲಿ. ಶಸ್ತ್ರಚಿಕಿತ್ಸೆಗೆ ಹೋಗುವುದಾದರೆ ಹಾರ್ಮೋನ್ ಸೇವನೆಯ ವಿಷಯವನ್ನು ಶಸ್ತ್ರವೈದ್ಯರಿಗೆ ಮುಂಚಿತವಾಗಿ ತಿಳಿಸಲಿ.