ಒತ್ತಿ ತಿರುಗಿಸುವುದೋ, ಅದುಮಿ ತಿರುಗಿಸುವುದೋ, ಸುಲಿದು ತೆಗೆಯುವುದೋ: ಮನೆಯ ಔಷಧಗಳ ಮುಚ್ಚಳಗಳ ಒಂದು ಹೋಲಿಕೆ

ನಾವಿರುವುದು ಅಮೆರಿಕದಲ್ಲಿ. ಅತ್ತೆಯವರ ಮೊಣಕಾಲು ನೋವಿಗೆಂದು ವೈದ್ಯರ ಚೀಟಿಯಿಲ್ಲದೆ ಕೊಂಡು ತಂದಿದ್ದ ಲಿಡೋಕೇನ್ ಮುಲಾಮನ್ನು ತಯಾರಕರು ಹಿಂದಕ್ಕೆ ತರಿಸಿಕೊಳ್ಳುತ್ತಿದ್ದಾರೆ ಎಂಬ ಸೂಚನೆ ಬಂದಾಗ, ಅದರಲ್ಲಿ ಔಷಧದ ಗುಣಮಟ್ಟದ ಬಗ್ಗೆ ಒಂದು ಮಾತೂ ಇರಲಿಲ್ಲ. ಮಕ್ಕಳು ಸುಲಭವಾಗಿ ತೆರೆಯಲಾಗದಂಥ ಮುಚ್ಚಳ ಆ ಟ್ಯೂಬಿಗೆ ಇಲ್ಲ ಎಂಬುದೊಂದೇ ಕಾರಣವಾಗಿತ್ತು. "ಔಷಧಿ ಚೆನ್ನಾಗೇ ಇದೆಯಲ್ಲಮ್ಮ, ಮುಚ್ಚಳಕ್ಕೋಸ್ಕರ ಯಾಕೆ ವಾಪಸ್ ಕೊಡಬೇಕು?" ಎಂದು ಅತ್ತೆ ಮೊದಲು ಕೇಳಿದರು, ಕೇಳಿದ ಮರುಕ್ಷಣವೇ ಸುಮ್ಮನಾದರು. ಹಿಂದಿನ ವಾರವಷ್ಟೇ ನಾಲ್ಕು ವರ್ಷದ ನನ್ನ ಮಗಳು ಅದೇ ಟ್ಯೂಬನ್ನು ತೆರೆದು, ಅಜ್ಜಿ ಮಾಡುವ ಹಾಗೆಯೇ ತನ್ನ ಗೊಂಬೆಯ ಮೊಣಕಾಲಿಗೆ ಮುಲಾಮು ನೀವುತ್ತ ಕುಳಿತಿದ್ದಳು. ಬಾಯಿಗೆ ಹೋಗಿದೆಯೋ ಇಲ್ಲವೋ ತಿಳಿಯದೆ, ಅವಳ ಕೈ ತೊಳೆದು, ವಿಷ ನಿಯಂತ್ರಣ ಕೇಂದ್ರದ 1-800-222-1222ಕ್ಕೆ ಕರೆ ಮಾಡಿ, ಅವರು ಹೇಳಿದಂತೆ ಅವಳ ಮೇಲೆ ಕಣ್ಣಿಟ್ಟುಕೊಂಡು ಕಳೆದ ಆ ಮಧ್ಯಾಹ್ನವನ್ನು ನಾವಿಬ್ಬರೂ ಮರೆತಿರಲಿಲ್ಲ. ಮಗುವಿಗೆ ಏನೂ ಆಗಲಿಲ್ಲ.

ಈ ದೇಶದಲ್ಲಿ ವಿಷಬಾಧೆ ತಡೆಯುವ ಪ್ಯಾಕಿಂಗ್ ಕುರಿತ ಕಾನೂನು 1970ರಲ್ಲಿ ಬಂದಿತು. ಈಗ ಅದನ್ನು ಜಾರಿಗೊಳಿಸುವುದು ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ. ಯಾವ ಔಷಧ ಎಷ್ಟು ಪ್ರಮಾಣಕ್ಕಿಂತ ಹೆಚ್ಚಿದ್ದರೆ ಇಂಥ ಪ್ಯಾಕಿಂಗ್ ಕಡ್ಡಾಯ ಎಂಬುದನ್ನು ಒಂದೊಂದಕ್ಕೂ ಬೇರೆಬೇರೆಯಾಗಿ ಗೊತ್ತುಪಡಿಸಲಾಗಿದೆ. ಲಿಡೋಕೇನಿಗೆ ಆ ಗಡಿ ಕೇವಲ 5 ಮಿಲಿಗ್ರಾಂ. ಶೇ. 4ರ ಮುಲಾಮಿನ ಒಂದೇ ಗ್ರಾಮಿನಲ್ಲಿ 40 ಮಿಲಿಗ್ರಾಂ ಇರುತ್ತದೆಂದರೆ, ಬಟಾಣಿ ಕಾಳಿಗಿಂತ ಚಿಕ್ಕ ತೊಟ್ಟೇ ಆ ಗಡಿಯನ್ನು ದಾಟುತ್ತದೆ. ಮೈಮೇಲೆ ಹಚ್ಚುವ ಔಷಧವಾದ್ದರಿಂದ ನಾವು ಅದನ್ನು ಸೌಮ್ಯವೆಂದು ಎಣಿಸಿದ್ದೆವು. ಆದರೆ ಅದು ಮಗುವಿನ ಹೊಟ್ಟೆ ಸೇರಿದರೆ ಫಿಟ್ಸ್ ಬರಬಹುದು, ಹೃದಯ ಬಡಿತ ಏರುಪೇರಾಗಬಹುದು.

ಟ್ಯೂಬನ್ನು ಎತ್ತರದ ಕಪಾಟಿಗೆ ಸೇರಿಸಿದ ಮೇಲೆ ಮನೆಯಲ್ಲಿದ್ದ ಉಳಿದ ಔಷಧಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಯಾವ ಬಗೆಯ ಪ್ಯಾಕಿಂಗ್ ನಮ್ಮ ಮನೆಗೆ ಸರಿ ಎಂದು ಪರೀಕ್ಷಿಸಲು ನಿರ್ಧರಿಸಿದೆ. ಮಗಳ ಕೈಗೆ ಬಾಟಲಿ ಕೊಟ್ಟು ನೋಡುವ ಯೋಚನೆಯನ್ನು ಬೇಕೆಂದೇ ಬಿಟ್ಟೆ, ಏಕೆಂದರೆ ಅದು ಅವಳಿಗೆ ತೆರೆಯುವುದನ್ನು ಕಲಿಸಿದಂತೆಯೇ ಸರಿ. ಅಲ್ಲದೆ ಆ ಪರೀಕ್ಷೆ ಆಗಲೇ ನಡೆದಿರುತ್ತದೆ: 42ರಿಂದ 51 ತಿಂಗಳ ಮಕ್ಕಳ ಕೈಗೆ ಪ್ಯಾಕನ್ನು 5 ನಿಮಿಷ ಕೊಟ್ಟು, ಆಮೇಲೆ ತೆರೆಯುವ ಬಗೆಯನ್ನು ಮಾತಿಲ್ಲದೆ ಒಮ್ಮೆ ಮಾಡಿ ತೋರಿಸಿ, ಹಲ್ಲನ್ನೂ ಬಳಸಬಹುದೆಂದು ತಿಳಿಸಿ, ಮತ್ತೆ 5 ನಿಮಿಷ ಬಿಡುತ್ತಾರೆ. ಕೊನೆಗೆ ಶೇ. 80ರಷ್ಟು ಮಕ್ಕಳಿಂದಲಾದರೂ ಅದನ್ನು ತೆರೆಯಲು ಆಗಿರಬಾರದು. ಅಂದರೆ ಉತ್ತೀರ್ಣವಾದ ಮುಚ್ಚಳವನ್ನೂ ಐವರಲ್ಲಿ ಒಂದು ಮಗು ತೆರೆದಿರಲು ಸಾಧ್ಯ, ಅದೂ ಮುಚ್ಚಳ ಸರಿಯಾಗಿ ಹಾಕಿದ್ದಾಗ. ನಮ್ಮ ಮನೆಯವರು ಅದನ್ನು ದಿನವೂ ಸರಿಯಾಗಿ ಹಾಕುತ್ತಾರೆಯೇ ಎಂಬುದನ್ನು ಮಾತ್ರ ಯಾವ ಪ್ರಯೋಗಾಲಯವೂ ನೋಡಿರುವುದಿಲ್ಲ. ಆದ್ದರಿಂದ ಒಂದೊಂದು ಬಗೆಯನ್ನು ಎರಡೆರಡು ವಾರ ಎಂದಿನಂತೆ ಬಳಸಲು ಬಿಟ್ಟು, ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೊಬ್ಬಳೇ ಹೋಗಿ ಪರೀಕ್ಷಿಸುತ್ತಿದ್ದೆ.

ಮೊದಲನೆಯದು ನೋವಿನ ಮಾತ್ರೆಗಳಿಗೆ ಸಾಮಾನ್ಯವಾಗಿರುವ, ಕೆಳಕ್ಕೆ ಒತ್ತಿ ತಿರುಗಿಸುವ ಮುಚ್ಚಳ. ಇದರಲ್ಲಿ ನಿಜವಾಗಿ ಎರಡು ಮುಚ್ಚಳಗಳಿರುತ್ತವೆ: ಒಳಗಿನದು ಬಾಟಲಿಯ ಕತ್ತಿಗೆ ಕಚ್ಚಿಕೊಂಡಿರುತ್ತದೆ, ಹೊರಗಿನದು ಅದರ ಮೇಲೆ ಸಡಿಲವಾಗಿ ಕೂತಿರುತ್ತದೆ. ಒತ್ತದೆ ತಿರುಗಿಸಿದರೆ ಹೊರಗಿನದು ಟಕಟಕ ಸದ್ದು ಮಾಡುತ್ತ ಬರಿದೇ ಸುತ್ತುತ್ತದೆ. ಒತ್ತಿದಾಗ ಮಾತ್ರ ಎರಡರ ಹಲ್ಲುಗಳು ಕೂಡಿಕೊಂಡು ಒಳಗಿನದೂ ತಿರುಗುತ್ತದೆ. ಬೆರಳಿನ ಕೀಲುಗಳು ಬಾತಿರುವ ಅತ್ತೆಗೆ ತೆರೆಯುವುದು ಕಷ್ಟವಾದರೂ ಅಂಗೈಯನ್ನು ಪೂರ್ತಿ ಊರಿ ತೆರೆಯಬಲ್ಲವರಾಗಿದ್ದರು. ತೊಂದರೆ ಇದ್ದದ್ದು ಮುಚ್ಚುವಾಗ. ಸುತ್ತು ಪೂರ್ತಿಯಾಗುವ ಮೊದಲೇ ಮುಚ್ಚಳ ತುಸು ಬಿಗಿಯಾದಂತೆ ಅನ್ನಿಸುತ್ತದೆ, ಕೈ ಅಲ್ಲಿಗೇ ನಿಲ್ಲುತ್ತದೆ. ಒತ್ತದೆ ಬರೀ ಬೆರಳ ತುದಿಯಿಂದ ತಿರುಗಿಸಿ ನೋಡುವುದೇ ನನ್ನ ಪರೀಕ್ಷೆಯಾಗಿತ್ತು. 14 ರಾತ್ರಿಗಳಲ್ಲಿ 5 ರಾತ್ರಿ ಅದು ಹಾಗೆಯೇ ಬಿಚ್ಚಿಕೊಂಡಿತು. ಅದರಲ್ಲಿ ಎರಡು ಸಲ ಕೊನೆಯಲ್ಲಿ ಮುಚ್ಚಿದ್ದವಳು ನಾನೇ. ಮೇಲಿನಿಂದ ನೋಡಿದರೆ ಮುಚ್ಚಿದ್ದಕ್ಕೂ ಮುಚ್ಚದೆ ಇದ್ದದ್ದಕ್ಕೂ ಒಂದಿಷ್ಟೂ ವ್ಯತ್ಯಾಸ ಕಾಣುತ್ತಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡಿತು. ಈ ಬಾಟಲಿಯಲ್ಲಿದ್ದದ್ದು 500 ಮಿಲಿಗ್ರಾಮಿನ ಅಸಿಟಮಿನೋಫೆನ್ ಮಾತ್ರೆಗಳು. ಅದಕ್ಕಿರುವ ಗಡಿ ಪ್ಯಾಕಿಗೆ 1 ಗ್ರಾಂ. ಮೂರನೆಯ ಮಾತ್ರೆಗೇ ಆ ಗಡಿ ದಾಟುತ್ತದೆ, ನಮ್ಮ ಬಾಟಲಿಯಲ್ಲಿದ್ದವು 100.

ಎರಡನೆಯದು, ಮುಚ್ಚಳದ ಎರಡು ಪಕ್ಕಗಳಲ್ಲಿ ಗುರುತು ಮಾಡಿದ ಜಾಗವನ್ನು ಅದುಮಿ ತಿರುಗಿಸುವ ಬಗೆ. ಅದುಮಿದಾಗ ಮುಚ್ಚಳದ ಅಂಚು ಬಾಗಿ, ಒಳಗಿನ ಕೊಕ್ಕೆ ಬಾಟಲಿಯ ತಡೆಯನ್ನು ದಾಟುತ್ತದೆ. ಪೂರ್ತಿ ಮುಚ್ಚಿದಾಗ ಕೊಕ್ಕೆ ತಡೆಯನ್ನು ದಾಟಿ ಕೂರುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುವುದರಿಂದ ಅರೆಬರೆ ಮುಚ್ಚಿದ್ದು 14 ರಾತ್ರಿಗಳಲ್ಲಿ ಒಂದೇ ಸಲ. ಆದರೆ ತೆರೆಯಲು ಅತ್ತೆಗೆ ಸಾಧ್ಯವೇ ಆಗಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಬಿಗಿಯಾಗಿ ಹಿಡಿಯುವುದೇ ಅವರಿಗೆ ಆಗದ ಕೆಲಸ. 50ರಿಂದ 70 ವರ್ಷದ ಹಿರಿಯರೂ ತೆರೆದು ಮತ್ತೆ ಮುಚ್ಚಬಲ್ಲರೇ ಎಂದು ಪರೀಕ್ಷಿಸುವುದನ್ನು ನಿಯಮ ಕಡ್ಡಾಯ ಮಾಡಿದೆ, ಆದರೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಕೆಲವರಲ್ಲಿ ನಮ್ಮ ಅತ್ತೆಯೂ ಒಬ್ಬರಾಗಬಹುದಷ್ಟೆ. ಸಿರಪ್ಪಿನ ಬಾಟಲಿಯಾದರೆ ಇನ್ನೊಂದು ಎಚ್ಚರ ಬೇಕು: ಕತ್ತಿನ ಸುತ್ತ ಸುರಿದ ಸಿಹಿ ಅಂಟು ಒಣಗಿದರೆ ಮುಚ್ಚಳ ಪೂರ್ತಿ ಕೂರುವುದಿಲ್ಲ, ಪ್ರತಿ ಸಲವೂ ಒರೆಸಲೇಬೇಕು. ಮಕ್ಕಳ ಸಿರಪ್ಪಿನ ಬಾಟಲಿಯ ಬಾಯಲ್ಲಿ ಸಿರಿಂಜಿನ ತುದಿಯಷ್ಟೇ ಹೋಗುವ ಸಣ್ಣ ರಂಧ್ರದ ತಡೆ ಇದ್ದರೆ ಅದನ್ನು ಕಿತ್ತು ಬಿಸಾಡಬಾರದು. ಮುಚ್ಚುವುದನ್ನು ಮರೆತ ದಿನವೂ ಬಾಟಲಿಯನ್ನು ಬಾಯಿಗಿಟ್ಟ ಮಗುವಿಗೆ ಗಟಗಟನೆ ಕುಡಿಯಲು ಅದು ಬಿಡುವುದಿಲ್ಲ.

ಮೂರನೆಯದನ್ನು ನಾನು ಅಷ್ಟಾಗಿ ನಂಬಿರಲಿಲ್ಲ. ಅಲರ್ಜಿಗೆ ತೆಗೆದುಕೊಳ್ಳುವ ಡೈಫೆನ್‌ಹೈಡ್ರಮೈನ್ ಮಾತ್ರೆಗಳು ಬರುವ ಬ್ಲಿಸ್ಟರ್ ಪಟ್ಟಿ ಅದು. ಹಿಂಬದಿಯ ಹಾಳೆಯ ಮೇಲ್ಪದರವನ್ನು ಮೂಲೆಯಿಂದ ಸುಲಿದ ಮೇಲಷ್ಟೇ ಮಾತ್ರೆಯನ್ನು ಹೊರಕ್ಕೆ ಒತ್ತಲು ಬರುತ್ತದೆ. ಸುಲಿಯದೆ ಎಷ್ಟು ಒತ್ತಿದರೂ ಹಾಳೆ ಹರಿಯುವುದಿಲ್ಲ. ಸುಲಿಯುವ ಮೂಲೆ ಚಿಕ್ಕದು, ಅತ್ತೆ ಕನ್ನಡಕ ಹಾಕಿಕೊಂಡು ಉಗುರಿನಿಂದ ಹುಡುಕಬೇಕಾಗುತ್ತಿತ್ತು, ಒಂದು ಮಾತ್ರೆಗೆ ಒಂದು ನಿಮಿಷವಾದರೂ ಹಿಡಿಯುತ್ತಿತ್ತು. ಆದರೆ ರಾತ್ರಿ ಹೋಗಿ ನೋಡಿದರೆ ಪರೀಕ್ಷಿಸಲು ಏನೂ ಇರುತ್ತಿರಲಿಲ್ಲ: ತೆಗೆದ ಮಾತ್ರೆಯ ಗೂಡು ಖಾಲಿ, ಉಳಿದವು ಕಾರ್ಖಾನೆಯಿಂದ ಬಂದಂತೆಯೇ ಭದ್ರ. ಒಮ್ಮೆ ಮಗಳನ್ನು ಎತ್ತಿಕೊಳ್ಳಲು ಓಡಿದ ಅತ್ತೆ ಪಟ್ಟಿಯನ್ನು ಮಂಚದ ಮೇಲೇ ಬಿಟ್ಟು ಹೋಗಿದ್ದರು. ಅದೇ ಬಾಟಲಿಯಾಗಿದ್ದರೆ ತೆರೆದೇ ಇರುತ್ತಿತ್ತು. ಇದೂ ಪೂರ್ಣ ರಕ್ಷಣೆಯಲ್ಲ. ಮಗು 8ಕ್ಕಿಂತ ಹೆಚ್ಚು ಮಾತ್ರೆಗಳನ್ನು ಅಥವಾ ಅಪಾಯ ತರುವಷ್ಟು ಮಾತ್ರೆಗಳನ್ನು, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಹೊರತೆಗೆದರೆ ಮಾತ್ರ ಪಟ್ಟಿ ಸೋತಿತೆಂದು ಲೆಕ್ಕ. ಒಂದೆರಡು ಮಾತ್ರೆ ಹೊರಬರುವುದನ್ನು ನಿಯಮ ಎಣಿಸಿಯೇ ಇಟ್ಟಿದೆ.

ನಾಲ್ಕನೆಯದು, ಸುಲಭವಾಗಿ ತೆರೆಯುವ ಮುಚ್ಚಳದ ಬಾಟಲಿಯನ್ನು ಬೀಗದ ಪೆಟ್ಟಿಗೆಯಲ್ಲಿಡುವುದು. ಹಿರಿಯರಿಗೆ ಅನುಕೂಲವಾಗಲೆಂದು ತಯಾರಕರು ಒಂದೇ ಒಂದು ಅಳತೆಯ ಪ್ಯಾಕನ್ನು ಸಾಧಾರಣ ಮುಚ್ಚಳದಲ್ಲಿ ಮಾರಲು ಕಾನೂನು ಅವಕಾಶ ಕೊಟ್ಟಿದೆ; ಚಿಕ್ಕ ಮಕ್ಕಳಿಲ್ಲದ ಮನೆಗಳಿಗೆ ಎಂಬ ಮಾತು ಅದರ ಮೇಲೆ ಇರಲೇಬೇಕು. ಅತ್ತೆಗೆ ಬಾಟಲಿ ತುಂಬ ಹಿಡಿಸಿತು, ಪೆಟ್ಟಿಗೆ ಹಿಡಿಸಲಿಲ್ಲ. ಮೂರನೆಯ ದಿನವೇ ಬೀಗದ ಕೈ ಬೀಗದಲ್ಲೇ ಉಳಿದದ್ದನ್ನು ಕಂಡು ಈ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದೆ.

ಮಾತ್ರೆಗಳ ಮಟ್ಟಿಗೆ ನನ್ನ ಆಯ್ಕೆ ಸುಲಿದು ತೆಗೆಯುವ ಪಟ್ಟಿಯೇ. ತೆರೆಯಲು ತೆಗೆದುಕೊಳ್ಳುವ ಶ್ರಮ ಅದರಲ್ಲಿ ಹೆಚ್ಚು, ಆದರೆ ಮತ್ತೆ ಮುಚ್ಚುವ ಭಾರವನ್ನು ಅದು ದಣಿದ ಕೈಗಳ ಮೇಲೆ ಹೊರಿಸುವುದಿಲ್ಲ. ಈಗ ನೋವಿನ ಮಾತ್ರೆಯನ್ನೂ ಅದೇ ಬಗೆಯ ಪಟ್ಟಿಯಲ್ಲಿ ತರುತ್ತೇನೆ, ದಿನಕ್ಕೆ ಬೇಕಾದ್ದನ್ನು ನಾನೇ ಸುಲಿದು ಅತ್ತೆಯ ಕೈಗೆ ಕೊಡುತ್ತೇನೆ. ಸಿರಪ್ಪಿಗೆ, ಬಾಯಲ್ಲಿ ತಡೆಯಿದ್ದು ಅದುಮಿ ತಿರುಗಿಸುವ ಮುಚ್ಚಳವಿರುವ ಬಾಟಲಿ.

ಮುಲಾಮಿಗೆ ಇಂಥ ಆಯ್ಕೆಯೇ ಇಲ್ಲ. ಹಳೆಯ ಟ್ಯೂಬಿನ ಹಣ ವಾಪಸ್ ಬಂದ ಮೇಲೆ, ಬೇರೆ ತಯಾರಕರ, ಒತ್ತಿ ತಿರುಗಿಸುವ ಮುಚ್ಚಳದ ಟ್ಯೂಬನ್ನು ತಂದಿದ್ದೇನೆ. ಟ್ಯೂಬಿನ ಮೈ ಮೆತ್ತಗಿರುವುದರಿಂದ ಒತ್ತಲು ಆಧಾರ ಸಿಗದೆ, ಮುಚ್ಚಳ ಬಿಚ್ಚುವ ಮೊದಲೇ ಟ್ಯೂಬು ಮಡಚಿಕೊಳ್ಳುತ್ತದೆ. ಮುಚ್ಚಳದ ಕೆಳಗಿನ ಗಟ್ಟಿ ಭಾಗವನ್ನು ಎರಡು ಬೆರಳುಗಳ ನಡುವೆ ಸಿಕ್ಕಿಸಿಕೊಂಡು ಒತ್ತುವುದನ್ನು ಅತ್ತೆಗೆ ತೋರಿಸಿಕೊಟ್ಟಿದ್ದೇನೆ, ಹತ್ತರಲ್ಲಿ ಏಳೆಂಟು ಸಲ ಅವರಿಂದ ಆಗುತ್ತದೆ. ಆಗದ ದಿನ ನನ್ನನ್ನು ಕೂಗುತ್ತಾರೆ. ಹಚ್ಚಿಯಾದ ಮೇಲೆ, ಒತ್ತದೆ ಒಮ್ಮೆ ತಿರುಗಿಸಿ ನೋಡಿಯೇ ಟ್ಯೂಬನ್ನು ಕಪಾಟಿಗೆ ಸೇರಿಸುವುದನ್ನು ಈಗ ಅವರೇ ರೂಢಿ ಮಾಡಿಕೊಂಡಿದ್ದಾರೆ.