ಒಲೆಯ ವೈರು ಉದ್ದ ಮಾಡಿಸೋಕೆ ಹೋಗಿ ನಮ್ಮನೇಲಿ ಆಗಿದ್ದು

"ನೀಟಾಗಿ ಕಾಣಬೇಕು ಕಣಪ್ಪ, ವೈರು ಎಲ್ಲೂ ನೇತಾಡಬಾರದು." ಇದನ್ನ ಹೇಳಿದ್ದು ನಾನೇ. ಹಾಗಾಗಿ ಮುಂದೆ ಬರೆಯೋದರಲ್ಲಿ ಅರ್ಧ ತಪ್ಪು ನನ್ನದು ಅಂತ ಮೊದಲೇ ಒಪ್ಪಿಕೊಂಡುಬಿಡ್ತೀನಿ.

ನಮ್ಮದು ಚಿಕ್ಕಮಗಳೂರಿನ ಬಸವನಹಳ್ಳಿ ಕಡೆ ಹಳೇ ಹಂಚಿನ ಮನೆ. ಅಡುಗೆಮನೆಗೆ ಮಾತ್ರ ಟೈಲ್ಸ್ ಹಾಕಿಸಿದ್ದೀವಿ. ಗ್ಯಾಸ್ ಮುಗಿದಾಗ ಇರಲಿ ಅಂತ ತಂದ ಕರೆಂಟ್ ಒಲೆ ಒಂದಿದೆ. ತಗಡಿನ ಮೈ, ಎರಡು ತಟ್ಟೆ, ಒಂದು 1500 ವ್ಯಾಟ್, ಇನ್ನೊಂದು 1000. ಗೃಹಜ್ಯೋತಿಯ ಉಚಿತ ಕರೆಂಟ್ ಬಂದ ಮೇಲೆ ಅದು ದಿನಾ ಉರಿಯೋಕೆ ಶುರುವಾಯ್ತು.

ಒಲೆ ಇದ್ದದ್ದು ಫ್ರಿಜ್ ಪಕ್ಕದ ಮೂಲೇಲಿ. ಮಳೆಗಾಲದಲ್ಲಿ ಕಡುಬಿನ ಹಬೆ ಹೋಗೋಕೆ ದಾರಿ ಇಲ್ಲದೆ ಗೋಡೆಗೆಲ್ಲ ಬೂಷ್ಟು. ಕಿಟಕಿ ಕೆಳಗೆ ಇಟ್ಟರೆ ಸರಿಹೋಗುತ್ತೆ ಅನ್ನಿಸ್ತು. ಆದರೆ ಪವರ್ ಪ್ಲಗ್ಗಿಂದ ಕಿಟಕಿಗೆ ಒಂಬತ್ತು ಅಡಿ, ಒಲೆಯ ವೈರು ನಾಲ್ಕೇ ಅಡಿ.

ಆರಿದ್ರಾ ಮಳೆ ಹಿಡಿದಿದ್ದ ಒಂದು ದಿನ, ಪಕ್ಕದ ಬೀದಿಯ ಗೃಹಪ್ರವೇಶಕ್ಕೆ ಸೀರಿಯಲ್ ಸೆಟ್ ಹಾಕಿದ್ದ ಗುರುತಿನ ಹುಡುಗನನ್ನ ಕರೆದೆ. ಇಪ್ಪತ್ತು ನಿಮಿಷದ ಕೆಲಸ. ಒಲೆಯ ವೈರನ್ನ ನಡುವೆ ಕತ್ತರಿಸಿದ, ಚೀಲದಲ್ಲಿ ಉಳಿದಿದ್ದ ಒಂದು ತುಂಡನ್ನ ಸೇರಿಸಿ ತಿರುಚಿದ, ಕಪ್ಪು ಟೇಪು ಸುತ್ತಿದ, ಎಲ್ಲಾನೂ ಬಿಳೀ ಕೇಸಿಂಗ್ ಪಟ್ಟಿಯೊಳಗೆ ತೂರಿಸಿ ಟೈಲ್ಸಿಗೆ ಅಂಟಿಸಿದ. 350 ರೂಪಾಯಿ. ಬಿಳೀ ಟೈಲ್ಸ್ ಮೇಲೆ ಬಿಳೀ ಪಟ್ಟಿ, ಇದೆ ಅಂತಾನೇ ಗೊತ್ತಾಗ್ತಿರಲಿಲ್ಲ. ಫೋಟೋ ತೆಗೆದು ತಂಗಿಗೆ ಕಳಿಸಿದೆ, ಅಷ್ಟು ಖುಷಿ.

ಹದಿನೈದು ದಿನ ಕಳೀತು. ಸಂಜೆ ಅಡುಗೆ ಹೊತ್ತಿಗೆ ಸಣ್ಣಗೆ ಮೀನಿನ ವಾಸನೆ. ನಮ್ಮ ಮನೇಲಿ ಮೀನು ಮಾಡಲ್ಲ. ಮಳೆಗಾಲ, ಪಕ್ಕದ ಮನೆಯವರು ಒಣಮೀನು ಸುಡ್ತಿದ್ದಾರೆ ಅಂದುಕೊಂಡು ಕಿಟಕಿ ಹಾಕ್ತಿದ್ದೆ. ಈಗ ಗೊತ್ತು, ವೈರು ಸ್ವಿಚ್ಚಿನ ಪ್ಲಾಸ್ಟಿಕ್ ಕಾದಾಗ ಹೆಚ್ಚುಕಮ್ಮಿ ಅದೇ ವಾಸನೆ ಬರುತ್ತೆ. ನಿಮ್ಮನೇಲಿ ಮೀನಿಲ್ಲದೆ ಮೀನಿನ ವಾಸನೆ ಬಂದರೆ ಮೊದಲು ಪ್ಲಗ್ ಪಾಯಿಂಟ್ ನೋಡಿ, ಆಮೇಲೆ ಪಕ್ಕದವರನ್ನ ಬಯ್ಯಿರಿ.

ಅತ್ತೆ ಇನ್ನೊಂದು ಹೇಳ್ತಿದ್ದರು. ಒದ್ದೆ ಕೈಯಲ್ಲಿ ಒಲೆ ಮುಟ್ಟಿದರೆ ಬೆರಳು ಜುಮ್ಮನ್ನುತ್ತೆ ಅಂತ. ವಾತ ಇರಬೇಕು ಅಂತ ನಾವು ಎಣ್ಣೆ ತಂದುಕೊಟ್ಟೆವು.

ಪುಷ್ಯ ಮಳೆಯ ಒಂದು ಭಾನುವಾರ ನೆಂಟರು ಬಂದಿದ್ದರು. ದೊಡ್ಡ ತಟ್ಟೆ ಮೇಲೆ ಕಡುಬು, ಚಿಕ್ಕದರ ಮೇಲೆ ಕಾಳು ಸಾರು, ಎರಡೂ ಪೂರ್ತಿ ಉರಿ, ಮುಕ್ಕಾಲು ಗಂಟೆ. ಕಿಟಕಿ ಹಾಕೋಕೆ ಹೋದ ನಮ್ಮೆಜಮಾನರು ಗೋಡೆಗೆ ಕೈ ಊರಿ, "ಇದೇನೇ, ಟೈಲ್ಸ್ ಸುಡ್ತಿದೆ" ಅಂದರು. ನೋಡಿದರೆ ಪಟ್ಟಿಯ ನಾಲ್ಕು ಬೆರಳಗಲ ಜಾಗ ಸುಟ್ಟ ಹಪ್ಪಳದ ಬಣ್ಣಕ್ಕೆ ತಿರುಗಿ ಜೋತುಬಿದ್ದಿದೆ. ನೋಡ್ತಾ ನೋಡ್ತಾನೇ ಚರ್ ಅಂತ ಸದ್ದು, ಒಳಗಿಂದ ನೀಲಿ ಕಿಡಿ. ಇವರು ಚೊಂಬಿನಲ್ಲಿ ನೀರು ತುಂಬಿಯೇಬಿಟ್ಟರು. "ನೀರು ಹಾಕಬೇಡ್ವೋ, ಮೇನ್ ತೆಗಿ!" ಅಂತ ಅತ್ತೆ ಕೂಗಿದ ಕೂಗಿಗೆ ಚೊಂಬು ಕೈಯಿಂದ ಬಿತ್ತು. ತೋಟದ ಪಂಪ್‌ಸೆಟ್ ಜೊತೆ ನಲವತ್ತು ವರ್ಷ ಏಗಿದವರು ಅವರು. ಮೇನ್ ತೆಗೆದ ಮೇಲೆ ಕಿಡಿ ನಿಂತಿತು. ಲೋಡ್ ಹೆಚ್ಚಾದರೆ ತಾನೇ ಆಫ್ ಆಗೋ ಸ್ವಿಚ್ಚು, ಎಂಸಿಬಿ, ತಾನಾಗಿ ಬೀಳಲೇ ಇಲ್ಲ.

ಮಾರನೇ ದಿನ ಲೈಸೆನ್ಸ್ ಇರೋ ಹಿರಿಯ ಎಲೆಕ್ಟ್ರಿಷಿಯನ್ ಬಂದು ಪಟ್ಟಿ ಕಿತ್ತರು. ಟೇಪು ಬೆಲ್ಲದ ಪಾಕದ ಹಾಗೆ ಕರಗಿ ತಾಮ್ರಕ್ಕೆ ಅಂಟಿತ್ತು. ತಾಮ್ರ ಕಪ್ಪಾಗಿ, ಬಗ್ಗಿಸಿದರೆ ಪುಟ್ ಅಂತ ಮುರೀತಿತ್ತು. ಅದಕ್ಕಿಂತ ಎದೆ ಝಲ್ಲೆನಿಸಿದ್ದು ಬೇರೆ. ಒಲೆಯ ಮೂಲ ವೈರಿನಲ್ಲಿ ಮೂರು ಎಳೆ, ಸೇರಿಸಿದ ತುಂಡಿನಲ್ಲಿ ಎರಡೇ. ಹಸಿರು ಎಳೆಯನ್ನ, ಅಂದರೆ ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ಅರ್ತನ್ನ, ಕತ್ತರಿಸಿ ಮಡಚಿ ಟೇಪಿನೊಳಗೆ ಮುಚ್ಚಿಬಿಟ್ಟಿದ್ದ. ತಗಡಿನ ಒಲೆಗೆ ಅರ್ತೇ ಇಲ್ಲ! ಅತ್ತೆಯ ವಾತ ಅವತ್ತಿಗೆ ವಾಸಿಯಾಯ್ತು.

ಎಂಸಿಬಿ ಯಾಕೆ ಬೀಳಲಿಲ್ಲ ಅಂತ ಕೇಳಿದೆ. ಎರಡೂ ತಟ್ಟೆ ಸೇರಿ 2500 ವ್ಯಾಟ್, 230 ವೋಲ್ಟಿಗೆ ಸುಮಾರು 11 ಆಂಪಿಯರ್. ನಮ್ಮದು 16 ಆಂಪಿಯರಿನ ಎಂಸಿಬಿ, ಅದರ ಲೆಕ್ಕದಲ್ಲಿ ಎಲ್ಲಾ ಸರಿಯಾಗೇ ಇದೆ. ಆದರೆ ಸೇರಿಸಿದ್ದು ಬಲ್ಬಿಗೆ ಎಳೆಯೋ 0.75 ಸ್ಕ್ವೇರ್ ಎಂಎಂ ದಪ್ಪದ ವೈರು, ಅದು ತಡೆಯೋದು 7 ಆಂಪಿಯರ್ ಆಸುಪಾಸು. ಜೊತೆಗೆ ಆ ತಿರುಚಿದ ಗಂಟು. ಸಡಿಲ ಗಂಟಿನಲ್ಲಿ ಒಂದು ಓಮ್‌ನ ಐದನೇ ಒಂದು ಭಾಗ ರೆಸಿಸ್ಟೆನ್ಸ್ ಇದ್ದರೂ 11 ಆಂಪಿಯರಿಗೆ ಅಲ್ಲಿ 24 ವ್ಯಾಟ್ ಶಾಖ ಹುಟ್ಟುತ್ತೆ. ಟಿವಿ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟಿಂದು. ಅದನ್ನ ಪ್ಲಾಸ್ಟಿಕ್ ಪಟ್ಟಿಯೊಳಗೆ ಗಾಳಿಯಾಡದ ಹಾಗೆ ಮುಚ್ಚಿ ದಿನಾ ಹಚ್ಚಿಟ್ಟ ಹಾಗಾಯ್ತು. ಪ್ರತಿ ಸಲ ಕಾದು ತಣ್ಣಗಾದಾಗ ಗಂಟು ಇನ್ನಷ್ಟು ಸಡಿಲ, ಇನ್ನಷ್ಟು ಬಿಸಿ. ಆರ್‌ಸಿಸಿಬಿ ಅನ್ನೋ ಇನ್ನೊಂದು ಸುರಕ್ಷತಾ ಸ್ವಿಚ್ ಇದ್ದಿದ್ದರೂ ಅದಕ್ಕೆ ಇದು ತಿಳೀತಿರಲಿಲ್ಲ, ಅದು ನೋಡೋದು ಕರೆಂಟ್ ಸೋರಿಕೆಯನ್ನ, ಬಿಸಿಯನ್ನಲ್ಲ. ಜುಮ್ಮನ್ನೋದಕ್ಕಾದರೂ ಅದು ಬೇಕೇ ಬೇಕು ಅಂತ ಈಗ 30 ಮಿಲಿಆಂಪಿಯರಿಂದು ಹಾಕಿಸಿದ್ದೀವಿ.

ಆ ಎಲೆಕ್ಟ್ರಿಷಿಯನ್ ಹೇಳಿದ ಒಂದು ಮಾತು: ಒಲೆ ಜಾಗ ಬದಲಾದರೆ ಒಲೆಯ ವೈರನ್ನ ಎಳೀಬೇಡಿ, ಸಾಕೆಟ್ಟನ್ನೇ ಒಲೆ ಹತ್ತಿರ ತನ್ನಿ. ಬೋರ್ಡಿನಿಂದ 4 ಸ್ಕ್ವೇರ್ ಎಂಎಂ ಐಎಸ್‌ಐ ವೈರು, ಜೊತೆಗೆ ಹಸಿರು ಅರ್ತ್, ನಡುವೆ ಎಲ್ಲೂ ಗಂಟಿಲ್ಲದೆ ಪೈಪಿನಲ್ಲಿ ತಂದು ಕಿಟಕಿ ಪಕ್ಕ, ಹಬೆ ತಾಗದ ಕಡೆ, ಹೊಸ 16 ಆಂಪಿಯರ್ ಸಾಕೆಟ್ ಕೂರಿಸಿದರು. ಒಲೆಗೂ ಮೂರೆಳೆಯ ಹೊಸ ವೈರು. ಖರ್ಚು ಮೊದಲಿನದರ ಹತ್ತು ಪಟ್ಟು ಮೀರಿತು.

ಗಂಟು ಹಾಕದೆ ಗತಿಯೇ ಇಲ್ಲ ಅಂದರೆ? ಸ್ಕ್ರೂ ಮುಚ್ಚಳದ ಜಂಕ್ಷನ್ ಬಾಕ್ಸ್ ಇರಬೇಕು, ಅದರೊಳಗೆ ಲೋಡಿಗೆ ತಕ್ಕ ಕನೆಕ್ಟರ್, ಎರಡೂ ಕಡೆ ಒಲೆಯ ಲೋಡಿಗೆ ತಕ್ಕ ಒಂದೇ ದಪ್ಪದ ವೈರು, ಮೂರೂ ಎಳೆ. ಬಾಕ್ಸು ಕೈಗೆ ಸಿಗೋ ಜಾಗದಲ್ಲಿರಬೇಕು, ಟೈಲ್ಸ್ ಒಳಗೆ ಹೂತಿಡೋ ಹಾಗಿಲ್ಲ. ಟಿವಿಗೆ ಹಾಕೋ 6 ಆಂಪಿಯರ್ ಎಕ್ಸ್‌ಟೆನ್ಷನ್ ಬಾಕ್ಸಿನ ಸುದ್ದಿಗೇ ಹೋಗಬೇಡಿ. ಹೋಂಸ್ಟೇ ಇಟ್ಟಿರೋರು ಓವನ್ ಸಮೇತ ನಾಲ್ಕು ತಟ್ಟೆಯ ದೊಡ್ಡ ಕುಕ್ಕರ್ ತಂದಿದ್ದರೆ ಅದು ಪ್ಲಗ್ಗಿನ ಕೆಲಸವೇ ಅಲ್ಲ. 7 ಕಿಲೋವ್ಯಾಟ್ ಅಂದರೆ 30 ಆಂಪಿಯರ್, ಅದಕ್ಕೆ ಬೇರೆಯೇ ಲೈನು, ಬೇರೆಯೇ ಎಂಸಿಬಿ.

ಇವತ್ತು ಸಂಜೆ ಅಡುಗೆ ಆದ ಮೇಲೆ ಸ್ವಿಚ್ ಆಫ್ ಮಾಡಿ ಪ್ಲಗ್ಗಿನ ತಲೆ ಮುಟ್ಟಿ ನೋಡಿ. ಉಗುರು ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಹಿಂದೆಳೆಯುವಷ್ಟು ಬಿಸಿ ಇದ್ದರೆ ಅಥವಾ ಸಾಕೆಟ್ ಹಳದಿಯಾಗಿದ್ದರೆ ನಾಳೆ ಒಲೆ ಹಚ್ಚಬೇಡಿ.

ಪಕ್ಕದ ಮನೆಗೆ ಕಡುಬು ಕಳಿಸಿದ್ದೇನೆ. ಯಾಕೆ ಅಂತ ಅವರಿಗೆ ಹೇಳಿಲ್ಲ.